ಬೆಂಕಿ ಅನ್ನಲು ಪರವಾನಗಿ

"ಒಡೆಯಾ, ಈಗ ನನ್ನ ಮುದ್ರೆ ಇಲ್ಲದೆ ಹೊನ್ನಗುಡ್ಡದಲ್ಲಿ ಒಂದೇ ಒಂದು ಗಂಟೆಯೂ ಕಿಣಿ ಅನ್ನಲಾರದು!"

ತುಂಬಿದ ಸಭೆಯಲ್ಲಿ ಹೀಗೆ ಎದೆ ತಟ್ಟಿಕೊಂಡವರು ಘಂಟಾಧಿಕಾರಿ ಶೇಷಪ್ಪಯ್ಯ. ದೊರೆ ಭದ್ರಪ್ಪ ನಾಯಕ ಮೀಸೆ ನೀವಿಕೊಂಡ. ಮೂಲೆಯಲ್ಲಿ ಕೂತಿದ್ದ ಆಸ್ಥಾನದ ಚತುರ ಕೋನಪ್ಪ ಮಾತ್ರ ತಲೆ ಕೆರೆದುಕೊಂಡ.

ಕಾನೂನೇನೋ ಒಳ್ಳೆಯದೇ. ಹಿಂದಿನ ಬೇಸಿಗೆಯಲ್ಲಿ ಯಾವನೋ ಮೋಸಗಾರ ಮರದ ಗಂಟೆಗೆ ಹಿತ್ತಾಳೆ ಬಣ್ಣ ಬಳಿದು ಅರಮನೆಯ ಹುಲ್ಲಿನ ಕೊಟ್ಟಿಗೆಗೆ ಕಟ್ಟಿ ಹೋಗಿದ್ದ. ಬೆಂಕಿ ಬಿದ್ದಾಗ ಮಾವುತ ಹಗ್ಗ ಜಗ್ಗಿದ್ದೇ ಜಗ್ಗಿದ್ದು. ಗಂಟೆ "ಟೊಕ್ ಟೊಕ್" ಅಂದಿತು. ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅಂದುಕೊಂಡ ಕಾವಲುಗಾರ "ಒಳಗೆ ಬನ್ನಿ" ಅಂದ. ಹುಲ್ಲೆಲ್ಲ ಬೂದಿಯಾಯಿತು. ಅಂದೇ ದೊರೆ, ಅಪಾಯದ ಗಂಟೆ ಕಟ್ಟುವವನಿಗೆ ಪರವಾನಗಿ ಇರಲೇಬೇಕು ಎಂದು ಆಜ್ಞೆ ಮಾಡಿದ. ಕೋನಪ್ಪನೂ ಸೈ ಅಂದಿದ್ದ.

ಆದರೆ ಆಜ್ಞೆ ಶೇಷಪ್ಪಯ್ಯನವರ ಕೈಗೆ ಬಿದ್ದ ಮೇಲೆ ಅದಕ್ಕೆ ಕೊಂಬು ಮೂಡಿದವು. ಗಂಟೆ ಹಾಗಿರಲಿ, ಅಪಾಯ ಅಂತ ಬಾಯಲ್ಲಿ ಕೂಗುವುದಕ್ಕೂ ಮುದ್ರೆ ಬೇಕಾಯಿತು. ಪರವಾನಗಿ ಬೇಕೆಂದರೆ ಮೊದಲೇ ಪರವಾನಗಿ ಇಟ್ಟುಕೊಂಡು ಗಂಟೆ ಕಟ್ಟಿರಬೇಕು! ಇಡೀ ಊರಲ್ಲಿ ಅಂಥವನು ಒಬ್ಬನೇ ಸಿಕ್ಕಿದ. ಅವನು ಶೇಷಪ್ಪಯ್ಯನವರ ಬಾವಮೈದುನ ಚಿಕ್ಕಣ್ಣಯ್ಯ. ಅವನು ಬೀದಿಬೀದಿಗೆ ಕಟ್ಟಿದ ಗಂಟೆಗಳಿಗೆ ನಾಲಿಗೆಯೇ ಇರಲಿಲ್ಲ. ಕೇಳಿದವರಿಗೆ, "ಗಂಟೆಗೆ ಒಂದು ಪರವಾನಗಿ, ನಾಲಿಗೆಗೆ ಇನ್ನೊಂದು. ನಾಲಿಗೆಯದು ಇನ್ನೂ ಮಂಜೂರಾಗಿಲ್ಲ" ಅಂದುಬಿಟ್ಟ.

ಅಷ್ಟರಲ್ಲಿ ಭಟರು ಕಂಚುಗಾರರ ಬೀದಿಯ ಸಂಕವ್ವನನ್ನು ಸಭೆಗೆ ಎಳೆದು ತಂದರು. ಆಕೆ ಗಂಡ ತೀರಿಕೊಂಡ ಮೇಲೂ ಕುಲುಮೆ ಆರಗೊಡದೆ ಗಂಟೆ ಎರಕ ಹೊಯ್ಯುತ್ತಿದ್ದ ಮುದುಕಿ.

"ಏನು ತಪ್ಪು ಮಾಡಿದಳು?" ದೊರೆ ಕೇಳಿದ.

"ನೇಕಾರರ ಓಣಿಗೆ ಬೆಂಕಿ ಬಿತ್ತಂತೆ, ಒಡೆಯಾ," ಶೇಷಪ್ಪಯ್ಯ ಹಲ್ಲು ಕಡಿದರು. "ಇವಳು ಪರವಾನಗಿ ಇಲ್ಲದೆ ಊಟದ ತಟ್ಟೆಗೆ ಸೌಟಿನಿಂದ ಬಡಿದು ಊರೆಲ್ಲ ಎಬ್ಬಿಸಿದಳು. ಗಡೀಪಾರು ಮಾಡಬೇಕು!"

"ಮತ್ತೇನು ಮಾಡ್ಲಿ ಬುದ್ಧೀ?" ಸಂಕವ್ವ ಕಣ್ಣೊರೆಸಿಕೊಂಡಳು. "ಬೀದೀಲಿದ್ದ ಗಂಟೆ ಜಗ್ಗಿದೆ, ಅದು ಮೂಕಿ. ಉರೀತಿದ್ದ ಮನೆಯೊಳಗೆ ತೊಟ್ಟಿಲಲ್ಲಿ ಕೂಸಿತ್ತು. ಜನ ಬಂದು ಎತ್ಕೊಂಡ್ರು, ಉಳೀತು."

ದೊರೆ ಹಣೆ ಒತ್ತಿಕೊಂಡ. "ನನ್ನ ಆಜ್ಞೆಯನ್ನು ನಾನೇ ಮುರಿಯುವುದು ಹೇಗೆ? ಕೋನಪ್ಪ, ಏನಂತೀಯ?"

ಕೋನಪ್ಪನಿಗೆ ಮುದುಕಿಯ ಸುಟ್ಟ ಬೆರಳುಗಳು ಕಂಡವು. ಸಿಟ್ಟು ನೆತ್ತಿಗೇರಿದರೂ ಕೈಮುಗಿದು ನಿಂತ. "ತಪ್ಪು ತಪ್ಪೇ, ಒಡೆಯಾ. ಆದರೆ ಕಾನೂನು ಎಲ್ಲರಿಗೂ ಒಂದೇ ಅಲ್ಲವೇ? ನಾಳೆಯವರೆಗೆ ಅಧಿಕಾರ ಕೊಡಿ, ಉಳಿದ ಕಳ್ಳಗಂಟೆಗಳನ್ನೂ ಹಿಡಿದು ತರುತ್ತೇನೆ."

ಶೇಷಪ್ಪಯ್ಯನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಹಾಗೆ ಬಾ ದಾರಿಗೆ!" ಅಂದರು.

ಮರುದಿನ ಸಭೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡ ನಾಯಿಗಳು. ಇನ್ನೊಂದು ಕಡೆ ಬುಟ್ಟಿಯಡಿಯಲ್ಲಿ ಗಿಜಿಗುಡುವ ಬಾತುಕೋಳಿಗಳು. ನಡುವೆ ಮಣೆಯ ಮೇಲೆ ಶೇಷಪ್ಪಯ್ಯನವರ ಅತ್ತೆ.

"ಇದೇನಿದು!" ಶೇಷಪ್ಪಯ್ಯ ಹೌಹಾರಿದರು.

"ಕಳ್ಳರ ಸುಳಿವು ಸಿಕ್ಕರೆ ಇವೆಲ್ಲ ಸದ್ದು ಮಾಡುತ್ತವೆ, ಸ್ವಾಮಿ," ಕೋನಪ್ಪ ಅಂದ. " ಯಾವುದಕ್ಕೂ ಮುದ್ರೆಯಿಲ್ಲ. ಅಮ್ಮನವರಂತೂ ನಿಮ್ಮ ಜಗಲಿಯಲ್ಲಿ ಕೂತು ಹೋಗೋರು ಬರೋರನ್ನೆಲ್ಲ 'ಯಾರದು?' ಅಂತ ಗದರುತ್ತಾರೆ. ಅಲ್ಲಿ ಅವರನ್ನು ಕೂರಿಸಿದ್ದು ಯಾರ ಪರವಾನಗಿಯಿಂದ?"

"ನನ್ನನ್ನು ನಾಯಿ ಜೊತೆ ಸೇರಿಸಿದಿರಾ, ಅಳಿಯಂದ್ರೇ?" ಮುದುಕಮ್ಮ ಗುಡುಗಿದರು.

"ನಾನಲ್ಲ ಅತ್ತೆ, ಕಾನೂನು..." ಎಂದು ಶೇಷಪ್ಪಯ್ಯ ಹಿಂದೆ ಹಿಂದೆ ಸರಿದರು. ಹಿಂದೆ ಸಾಂಬ್ರಾಣಿ ಧೂಪದ ಕೆಂಡ ನಿಗಿನಿಗಿ ಅನ್ನುತ್ತಿತ್ತು. ನೆಲ ಗುಡಿಸುತ್ತಿದ್ದ ಅವರ ಜರಿ ಶಲ್ಯದ ಅಂಚು ಅದರೊಳಗೆ ಬಿತ್ತು. ಹೊಗೆ ಎದ್ದಿತು.

ಸಭೆಯೆಲ್ಲ ನೋಡಿತು. ಯಾರೂ ತುಟಿ ಬಿಚ್ಚಲಿಲ್ಲ. ಮಂತ್ರಿಗಳು ಮೇಲೆ ಜಂತೆ ಎಣಿಸತೊಡಗಿದರು. ಒಬ್ಬ ಭಟ ಮೂಗು ಹಿಡಿದು ತೋರಿಸಿದ. ಇನ್ನೊಬ್ಬ ಕೈಯನ್ನು ಉರಿಯಂತೆ ಕುಣಿಸಿದ.

"ಏನಯ್ಯಾ ಕುಣೀತೀರಿ?" ಎಂದ ಶೇಷಪ್ಪಯ್ಯನವರಿಗೆ ಮೀನಖಂಡಕ್ಕೆ ಬಿಸಿ ತಗುಲಿತು. ತಿರುಗಿ ನೋಡಿ ಎಗರಿದರು. "ಅಯ್ಯೋ! ಬೆಂಕಿ! ಬೆಂಕಿ! ಚಿಕ್ಕಣ್ಣಾ, ಗಂಟೆ ಬಾರಿಸೋ!"

ಚಿಕ್ಕಣ್ಣಯ್ಯ ತಾನೇ ಕಟ್ಟಿದ್ದ ಸಭೆಯ ಗಂಟೆಗೆ ಜೋತುಬಿದ್ದ. ಗಂಟೆ ಅತ್ತಿಂದಿತ್ತ ತೂಗಾಡಿತೇ ಹೊರತು ಉಸಿರೆತ್ತಲಿಲ್ಲ.

ಕೋನಪ್ಪ ತುಂಬಿದ ಕೊಡ ಹಿಡಿದು ಎದುರಿಗೆ ಬಂದ. "ಸ್ವಾಮಿ, ಬೆಂಕಿ ಅಂತ ಕೂಗಿದಿರಲ್ಲ, ಪರವಾನಗಿ ಎಲ್ಲಿ?"

"ನನಗ್ಯಾಕೋ ಪರವಾನಗಿ? ನಾನು ಕೊಡುವವನು!"

"ಕೊಡುವವರು ಸರಿ. ಪಡೆದವರಲ್ಲವಲ್ಲ?"

"ತಪ್ಪಾಯಿತು ಮಾರಾಯಾ! ಸಂಕವ್ವನನ್ನು ಬಿಟ್ಟೆ, ಎಲ್ಲರನ್ನೂ ಬಿಟ್ಟೆ! ಸುರಿಯೋ!"

ಕೋನಪ್ಪ ಕೊಡವನ್ನು ಕವುಚಿದ. ಚುಸ್ಸ್ ಅಂದಿತು. ನೆನೆದ ಕೋಳಿಯಂತೆ ನಿಂತ ಘಂಟಾಧಿಕಾರಿಯನ್ನು ಕಂಡು ಮೊದಲು ನಕ್ಕವರು ಅವರ ಅತ್ತೆ. ಆಮೇಲೆ ದೊರೆಯೂ ಹೊಟ್ಟೆ ಹಿಡಿದುಕೊಂಡ.

ನಗು ನಿಂತ ಮೇಲೆ ದೊರೆ ತೀರ್ಪು ಹೇಳಿದ. ಪರವಾನಗಿ ಇರಲಿ, ಆದರೆ ಮೊದಲು ಗಂಟೆ ಬಾರಿಸಿ ಊರ ಬಾಗಿಲವರೆಗೆ ಕೇಳಿಸಬೇಕು, ಆಮೇಲೆ ಮುದ್ರೆ. ಅಪಾಯ ಕಂಡವರು ಕೂಗುವುದಕ್ಕೆ ಯಾವ ಮುದ್ರೆಯೂ ಬೇಡ. ಪರೀಕ್ಷೆ ಮಾಡುವ ಕೆಲಸ ಸಂಕವ್ವನಿಗೆ. ಗಂಟೆಗೊಂದು ನಾಲಿಗೆ ಜೋಡಿಸುವ ಕೆಲಸ ಚಿಕ್ಕಣ್ಣಯ್ಯನಿಗೆ, ಬಿಟ್ಟಿಯಾಗಿ.

ಆಮೇಲೆ ಕೋನಪ್ಪನ ಹೆಗಲಿಗೆ ಶಾಲು ಹೊದಿಸುತ್ತ ದೊರೆ ಮೆಲ್ಲಗೆ ಕೇಳಿದ, "ನಿಜ ಹೇಳು. ಧೂಪದ ಕೆಂಡವನ್ನು ಅವರ ಬೆನ್ನ ಹಿಂದೆ ಇಟ್ಟವನು ಯಾರು?"

"ನಾನೇ, ಒಡೆಯಾ."

"ಎಷ್ಟು ಧೈರ್ಯ! ನನ್ನ ಕಾನೂನಿನ ಭಯವಿರಲಿಲ್ಲವೇ?"

"ಕಾನೂನು ಕೇಳಿಕೊಂಡೇ ಇಟ್ಟೆ, ಒಡೆಯಾ. ಬೆಂಕಿ ಅಂತ ಕೂಗೋದಕ್ಕೆ ಪರವಾನಗಿ ಬೇಕಿತ್ತು. ಬೆಂಕಿ ಹಚ್ಚೋದಕ್ಕೆ ಬೇಕು ಅಂತ ಯಾರೂ ಹೇಳಿರಲಿಲ್ಲ!"