ತೂತು ತಪ್ಪಿದ ಗಡಿಯಾರ

"ಬುದ್ಧಿ, ತಪ್ಪು ಮಾಡಿದವನು ಮಠದಲ್ಲಿ ಉಳಿಯಬಹುದೆ?" ಎಂದು ಮಠದ ಪಂಕ್ತಿಯಲ್ಲಿ ಬಡಿಸುವ ಅಡವಯ್ಯ ಗುರುಗಳನ್ನು ಕೇಳಿದ.

ಕೇಳುವ ಮೊದಲೇ ಉತ್ತರವನ್ನು ತಾನೇ ಕೊಟ್ಟುಕೊಂಡಿದ್ದ. ಬಟ್ಟೆಯ ಗಂಟು ಬಾಗಿಲ ಬಳಿ ಇತ್ತು. ಹಿಂದಿನ ದಿನ ಪಂಕ್ತಿ ಎದ್ದ ಮೇಲೆ ಊಟಕ್ಕೆ ಬಂದ ಮುದುಕನೊಬ್ಬನನ್ನು ಅವನು "ಹೊತ್ತುಗೊತ್ತು ಇಲ್ಲವೆ ನಿನಗೆ?" ಎಂದು ಎಲ್ಲರೆದುರು ಗದರಿಸಿ ಕಳುಹಿಸಿಬಿಟ್ಟಿದ್ದ. ಆಮೇಲೆ ಸಂಕಟ ತಡೆಯಲಾರದೆ ಕೆರೆ ಏರಿಯವರೆಗೆ ಓಡಿ, ಮುದುಕನ ಕಾಲು ಹಿಡಿದು ಕರೆತಂದು, ತನ್ನ ಪಾಲಿನದನ್ನೇ ಬಡಿಸಿದ್ದ. ಮುದುಕ ಉಂಡು ಹರಸಿ ಹೋದ. ಅಡವಯ್ಯನಿಗೆ ಮಾತ್ರ ರಾತ್ರಿಯೂ ಅನ್ನ ಸೇರಲಿಲ್ಲ. ಮಠ ಬಿಟ್ಟರೆ ಹೋಗಲು ಅವನಿಗೆ ಮನೆಯೂ ಇರಲಿಲ್ಲ.

ಗುರುಗಳು ಗಂಟನ್ನೂ ನೋಡಿದರು, ಅವನ ಮುಖವನ್ನೂ ನೋಡಿದರು.

"ಎಲಾ ಇವನ! ಗಂಟು ಕಟ್ಟಿಟ್ಟು ಅಪ್ಪಣೆ ಕೇಳುತ್ತಾನೆ. ಕೂತುಕೋ, ಕತೆ ಕೇಳಿ ಹೋಗುವಿಯಂತೆ," ಎಂದು ಶುರು ಮಾಡಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ತಂದೆ ಮುರಿಗೆಪ್ಪ ಪ್ರಾಯದಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಗಡಿಯಾರ ಮಾಡುವ ಶಾಲೆಯಲ್ಲಿ ಕಲಿತು ಬಂದವನು. ಬರುವಾಗ ಜೇಬುಗಡಿಯಾರವೊಂದನ್ನು ತಂದ. "ಕಲಿಕೆ ಮುಗಿಯುವಾಗ ನನ್ನ ಕೈಯಾರೆ ಮಾಡಿದ್ದು" ಎಂದು ಸಾಯುವವರೆಗೂ ಹೇಳಿದ. ಆದರೆ ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಊರಿನವರು ಬಿಡುತ್ತಾರೆಯೆ? "ಸ್ವಿಸ್ ಅಂತೆ ಸ್ವಿಸ್! ಮುಂಬಯಿಯ ಬೀದಿಬದಿಯಲ್ಲಿ ಕೊಂಡಿರಬೇಕು" ಎಂದು ನಗುತ್ತಿದ್ದರು. ಕೇಳಿ ಕೇಳಿ ಮಗನಿಗೂ ಸಾಕಾಗಿತ್ತು. ತಂದೆ ತೀರಿಕೊಂಡ ಮೇಲೆ ಅವನಿಗೂ ಅನುಮಾನ ಹೊಕ್ಕಿತು: ಅಪ್ಪ ಜೀವಮಾನವೆಲ್ಲ ಸುಳ್ಳು ಹೇಳಿದನೆ?

ಅನುಮಾನವೆಂದರೆ ಹಲ್ಲಿನ ಸಂದಿಯ ನಾರು, ನಾಲಿಗೆ ಸುಮ್ಮನಿರುವುದಿಲ್ಲ. ಹಳೆಯ ಗಡಿಯಾರಗಳ ಪರೀಕ್ಷಕನೊಬ್ಬ ಪಟ್ಟಣದಲ್ಲಿದ್ದಾನೆಂದು ತಿಳಿದು ವ್ಯಾಪಾರಿ ಹೊರಟ. ಹೊರಡುವ ಮುನ್ನ ಹಿಂದಿನ ಮುಚ್ಚಳ ತೆರೆದು ನೋಡಿದ. ಒಳಗಿನ ಹಿತ್ತಾಳೆ ತಟ್ಟೆಯಲ್ಲಿ ಯಾರೋ ತೂತನ್ನು ತಪ್ಪು ಜಾಗದಲ್ಲಿ ಕೊರೆದು, ಮತ್ತೆ ಹಿತ್ತಾಳೆಯಿಂದ ಮುಚ್ಚಿ, ಪಕ್ಕದಲ್ಲಿ ಇನ್ನೊಂದು ಕೊರೆದಿದ್ದರು. ತೇಪೆ ಹಾಕಿದ ಗಡಿಯಾರ! ಮುಗಿಯಿತು, ಅಪ್ಪನ ಮರ್ಯಾದೆ ಹೋಯಿತು ಎಂದುಕೊಂಡ.

ಪರೀಕ್ಷಕನ ಮುಂದೆ ಮುಚ್ಚಳ ತೆರೆದು ಹಿಡಿದಾಗ ತೇಪೆಯ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಇದ್ದ.

"ಬೆರಳು ತೆಗೆಯಿರಿ ಸ್ವಾಮಿ, ಬೆವರು ತಾಗಿದರೆ ಒಳಗಿನ ಉಕ್ಕು ತುಕ್ಕು ಹಿಡಿದೀತು," ಎಂದ ಪರೀಕ್ಷಕ.

ತೆಗೆಯದೆ ವಿಧಿಯಿರಲಿಲ್ಲ. ಪರೀಕ್ಷಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. ಸರಿಯಾಗಿ ಆ ತೇಪೆಯನ್ನೇ ನೋಡಿದ, ತುಂಬಾ ಹೊತ್ತು ನೋಡಿದ. ಆಮೇಲೆ ನಕ್ಕ.

"ಇದನ್ನೇ ಮುಚ್ಚಿಡುತ್ತಿದ್ದಿರಾ? ಕಾರ್ಖಾನೆಯಲ್ಲಿ ತೂತು ತಪ್ಪಿದರೆ ತಟ್ಟೆಯನ್ನು ಗುಜರಿಗೆ ಎಸೆದು ಹೊಸದು ತೆಗೆದುಕೊಳ್ಳುತ್ತಾರೆ. ಶಾಲೆಯಲ್ಲಿ ಹಾಗಿಲ್ಲ. ತಪ್ಪಿದ ಹುಡುಗನೇ ಅದನ್ನು ಮುಚ್ಚಿ, ಅದೇ ತಟ್ಟೆಯಲ್ಲಿ ಸರಿಯಾಗಿ ಕೊರೆಯಬೇಕು. ನೋಡಿ, ಮೇಷ್ಟ್ರು ಒಪ್ಪಿಕೊಂಡು ಪಕ್ಕದಲ್ಲೊಂದು ಗೀರು ಹಾಕಿದ್ದಾರೆ. ಇದು ಶಾಲೆಯಲ್ಲಿ ಮಾಡಿದ ಗಡಿಯಾರವೇ. ಹಾಗಿದ್ದರೆ ಮಾಡಿದವನ ಹೆಸರು ಡಯಲ್ಲಿನ ಅಡಿಯಲ್ಲಿರಬೇಕು."

ಡಯಲ್ ಬಿಚ್ಚಿದ. ಅಡಿಯಲ್ಲಿ ಸೂಜಿಮೊನೆಯಿಂದ ಗೀಚಿದಂಥ ಅಕ್ಷರಗಳಿದ್ದವು, ಅದೂ ಕನ್ನಡದಲ್ಲಿ: ಮುರಿಗೆಪ್ಪ.

ವ್ಯಾಪಾರಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. "ಅಯ್ಯೋ ನನ್ನಪ್ಪಾ, ನೀನು ನಿಜವನ್ನೇ ಹೇಳಿದ್ದೆಯಲ್ಲಾ!" ಎಂದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬೆಲೆ ಕೇಳಿದ್ದು ಹೊರಡುವಾಗ.

"ಕಂಪನಿ ಹೆಸರಿನವು ಸಾವಿರಾರು ಇವೆ, ಇದು ಒಂದೇ. ಅವಕ್ಕಿಂತ ಹೆಚ್ಚೇ ಬಾಳುತ್ತದೆ. ಆ ತೇಪೆಯನ್ನು ಮಾತ್ರ ಉಜ್ಜಿಸಬೇಡಿ," ಎಂದ ಪರೀಕ್ಷಕ.

ವ್ಯಾಪಾರಿ ಮಾರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಮುಚ್ಚಳ ತೆರೆದು ಮೊದಲು ತೇಪೆಯನ್ನೇ ತೋರಿಸುತ್ತಿದ್ದನಂತೆ. ಸೀರೆ ಕೊಳ್ಳಲು ಬಂದವರಿಗೆ ಸಾಕುಸಾಕಾಗುತ್ತಿತ್ತಂತೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಅಡವಯ್ಯನಿಗೆ ನಗು ಬಂತು. ಗಂಟು ಕಣ್ಣಿಗೆ ಬಿದ್ದು ಆ ನಗು ಅಲ್ಲೇ ನಿಂತಿತು.

"ಆದರೆ ಬುದ್ಧಿ, ನಾನು ಗದರಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ನನ್ನನ್ನು ಇಟ್ಟುಕೊಂಡರೆ ಮಠಕ್ಕೆ ಕೆಟ್ಟ ಹೆಸರಲ್ಲವೆ?"

ಗುರುಗಳು ಎದ್ದು ಹೋಗಿ ಗಂಟನ್ನು ಹೊಸ್ತಿಲಿನಿಂದ ಒಳಗೆ ಎಳೆದಿಟ್ಟರು.

"ಅಡವಯ್ಯಾ, ಮಠವನ್ನು ಕಾರ್ಖಾನೆ ಅಂದುಕೊಂಡೆಯಾ?"

ಅಡವಯ್ಯ ಪಂಕ್ತಿಗೆ ಎಲೆ ಹಾಕಲು ಎದ್ದ.