ಪಟ್ಟಿ ನುಂಗಿದ ಮೇಕೆ

ಒಂದಾನೊಂದು ಊರಿನಲ್ಲಿ, ನಿಮ್ಮೂರಲ್ಲ ಬಿಡಿ, ಸುಮ್ಮನೆ ಕೂತು ಕೇಳಿ, ಒಬ್ಬ ರಾಜ ಇದ್ದ. ಅವನಿಗೆ ತ್ರಿಕೋನ ಅಂದರೆ ಪ್ರಾಣ. ತಿನ್ನುವ ರೊಟ್ಟಿ ತ್ರಿಕೋನ, ಮಲಗುವ ದಿಂಬು ತ್ರಿಕೋನ. ಯಾರು ಏನಾಗಬೇಕಾದರೆ ಶಾಲೆಯಲ್ಲಿ ಯಾವ ಮೂರು ವಿಷಯ ಓದಿರಬೇಕು ಅಂತ ಅವನದೊಂದು ಪಟ್ಟಿ ಇತ್ತು. ಅಡುಗೆಯವನಾಗಲು ತ್ರಿಕೋನ, ಕಪ್ಪೆ, ಗ್ರಹಣ. ಸೂಲಗಿತ್ತಿಯಾಗಲು ತ್ರಿಕೋನ, ಕಬ್ಬಿಣ, ಗ್ರಹಣ. ಕಳ್ಳನಾಗಲೂ ತ್ರಿಕೋನ ಬೇಕೇ ಬೇಕು. ಕಪ್ಪೆ ಮಾತ್ರ ಅವರವರ ಇಷ್ಟ.

ಹದಿನೈದು ತುಂಬಿದ ಮಕ್ಕಳು ಶಾಲೆಯ ಜಗಲಿಯಲ್ಲಿ ಸಾಲಾಗಿ ನಿಂತು ವಿಷಯ ಆರಿಸಬೇಕಿತ್ತು. ಆರಿಸುವುದೇನು ಬಂತು, ಮುಂದಿನವನು ಹೇಳಿದ್ದನ್ನೇ ಹಿಂದಿನವನೂ ಹೇಳುತ್ತಿದ್ದ. ಒಂದು ಸಲ ಮೊದಲನೆಯವನು ಕೆಮ್ಮಿಬಿಟ್ಟ. ಆ ಮಕ್ಕಳೆಲ್ಲ ಮೂರು ವರ್ಷ ಕೆಮ್ಮು ಓದಿದರು.

ಹೊನ್ನಾಜಿಯ ಸರದಿ ಬಂತು. ಮಾತು ಕಡಿಮೆಯ ಹುಡುಗಿ. ಯಾರ ಮನೆಯ ಮೇಕೆ ನರಳಿದರೂ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಮೇಕೆ, ಸೊಪ್ಪು, ಹೊಟ್ಟೆ," ಅಂದಳು ಮೆಲ್ಲಗೆ.

ಜಗಲಿಗೆ ಜಗಲಿಯೇ ನಕ್ಕಿತು. ಅವಳ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ, ತ್ರಿಕೋನ ತಗೊಳ್ಳೇ! ತ್ರಿಕೋನ ತಗೊಂಡ್ರೆ ಏನು ಬೇಕಾದ್ರೂ ಆಗಬಹುದು."

"ನಂಗೆ ಮೇಕೆ ಡಾಕ್ಟರ್ ಮಾತ್ರ ಆಗಬೇಕು ಚಿಕ್ಕಮ್ಮ."

ಜಗಲಿಯಲ್ಲಿ ಕೂತಿದ್ದ ರಾಜನ ದಿವಾನರು ಪಟ್ಟಿ ನೋಡಿದರು. "ಮೇಕೆ ಡಾಕ್ಟರಿಗೆ ತ್ರಿಕೋನ, ಗ್ರಹಣ, ಕಬ್ಬಿಣ. ಮೇಕೆ ಓದಿದವರು ಮೇಕೆಯನ್ನು ಮುಟ್ಟುವಂತಿಲ್ಲ."

ಹೊನ್ನಾಜಿ ಹೋಗಿ ಮೇಕೆಯನ್ನೇ ಓದಿದಳು.

ಮೂರು ವರ್ಷ ಕಳೆಯಿತು. ಒಂದು ದಿನ ರಾಜನ ಮುದ್ದಿನ ಮೇಕೆ ಆ ಪಟ್ಟಿಯನ್ನೇ ನುಂಗಿ, ಹೊಟ್ಟೆ ಉಬ್ಬಿ ಬಿದ್ದುಕೊಂಡಿತು. ಸಂಜೆ ದಾಟುವ ಹಾಗಿರಲಿಲ್ಲ. ನೂರು ಮಂದಿ ಮೇಕೆ ಡಾಕ್ಟರುಗಳು ಓಡಿ ಬಂದರು. ಒಬ್ಬ ಕೊಂಬುಗಳ ನಡುವಿನ ಕೋನ ಅಳೆದ. ಒಬ್ಬ ಮುಂದಿನ ಗ್ರಹಣದ ದಿನ ಹೇಳಿದ. ಮತ್ತೊಬ್ಬ ಸುತ್ತಲೂ ತಿರುಗಿ, "ಇದರ ಬಾಯಿ ಯಾವ ಕಡೆ?" ಅಂತ ಕೇಳಿದ.

ಹೊನ್ನಾಜಿ ಓಮಿನ ಕಷಾಯ ಹಿಡಿದು ಬಂದಳು. ಮೇಕೆಯ ಹೊಟ್ಟೆಯೊಳಗಿಂದ ಪಟ್ಟಿ ಕೂಗಿತು: "ಮುಟ್ಟೀಯ, ಜೋಕೆ! ತ್ರಿಕೋನ ಓದಿದ್ದೀಯಾ?"

"ಇಲ್ಲ."

"ಹಾಗಾದರೆ ನಡಿ ಆಚೆ!"

ರಾಜ ತಲೆ ಕೆರೆದುಕೊಂಡ. "ನಿಯಮ ಮೀರಬಾರದಲ್ಲವೇ ದಿವಾನರೇ?"

"ಮೀರಬಾರದು ಪ್ರಭು. ಆದರೆ ನಿಯಮ ಮೇಕೆಯ ಹೊಟ್ಟೆಯಲ್ಲಿದೆ. ಹಾಗಾಗಿ ಸದ್ಯಕ್ಕೆ ಮೇಕೆಯೇ ನಿಯಮ."

"ಸರಿ, ಮುಟ್ಟಲು ಅಪ್ಪಣೆ ಬೇಕಾದರೆ ಇವಳು ಅರ್ಜಿಯನ್ನು ಮೇಕೆಗೇ ಕೊಡಲಿ."

ಹೊನ್ನಾಜಿಗೆ ನಗು ಬಂತು, ನಗಲಿಲ್ಲ. ಮೂರು ವರ್ಷ ಮೇಕೆ ಓದಿದವಳಲ್ಲವೇ! ಕಷಾಯಕ್ಕೆ ಬೆಲ್ಲ ಕಲಸಿ, ಅದರಲ್ಲೇ ಕಡ್ಡಿ ಅದ್ದಿ ಕಾಗದದ ಮೇಲೆ ಅರ್ಜಿ ಬರೆದಳು. ದಪ್ಪದಪ್ಪ ಅಕ್ಷರ. ಮೇಕೆಯ ಮೂತಿಗೆ ಹಿಡಿದಳು. ಮೇಕೆ ಗಬಕ್ಕನೆ ನುಂಗಿತು.

"ಉಗುಳಲಿಲ್ಲ! ಅಂದರೆ ಮಂಜೂರು!" ಅಂತ ದಿವಾನರು ಹೊನ್ನಾಜಿಯ ಅಂಗೈಗೆ ಮೊಹರು ಒತ್ತಿದರು.

ಮೇಕೆ ಅರಮನೆ ನಡುಗುವಂತೆ ತೇಗಿತು. ಪಟ್ಟಿ ಹೊರಗೆ ಬಿತ್ತು. ಅಕ್ಷರವೆಲ್ಲ ಅರಗಿಹೋಗಿ ಬರೀ ಬಿಳಿ ಕಾಗದ. ಮೇಕೆ ಎದ್ದು ಮೈ ಕೊಡವಿ ಹೊನ್ನಾಜಿಯ ಹಿಂದೆ ಹೊರಟಿತು.

ರಾಜನಿಗೆ ಈಗ ಮೇಕೆ ಅಂದರೆ ಪ್ರಾಣ. ದಿವಾನರು ಅದೇ ಕಾಗದದ ಮೇಲೆ ಹೊಸ ಪಟ್ಟಿ ಬರೆದರು. ಅಡುಗೆಯವನಾಗಲು ಮೇಕೆ, ಸೊಪ್ಪು, ಹೊಟ್ಟೆ. ಸೂಲಗಿತ್ತಿಯಾಗಲು ಮೇಕೆ, ಸೊಪ್ಪು, ಹೊಟ್ಟೆ.

ಮರುವರ್ಷ ಜಗಲಿಯಲ್ಲಿ ಚಿಕ್ಕಮ್ಮನ ಮಗಳು ನಿಂತಿದ್ದಳು. "ನಂಗೆ ತ್ರಿಕೋನ ಇಷ್ಟ ಕಣಮ್ಮ," ಅಂದಳು ಪಿಸುದನಿಯಲ್ಲಿ.

"ಬಾಯ್ಮುಚ್ಚೇ! ಮೇಕೆ ತಗೋ. ಮೇಕೆ ತಗೊಂಡ್ರೆ ಏನು ಬೇಕಾದ್ರೂ ಆಗಬಹುದು."

ಕತೆ ಇಷ್ಟೇ ಉಳಿದದ್ದು. ಮಿಕ್ಕಿದ್ದನ್ನು ಮೇಕೆ ತಿಂದಿತು.