ಮುಳ್ಳು ಕೆಂಪಿನಲ್ಲಿದ್ದಾಗ

"ಗುರುಗಳೇ, ಸತ್ತವರನ್ನು ಎಷ್ಟು ಕರೆದರೆ ಅವರಿಗೆ ಕೇಳಿಸುತ್ತದೆ?" ಎಂದು ಬಸವಂತ ಕೇಳಿದ.

ಅವನ ಮಗಳು ತೀರಿಕೊಂಡು ಒಂದು ವರ್ಷವಾಗಿತ್ತು. ಅಂದಿನಿಂದ ಅವನು ಹಗಲೆಲ್ಲ ಮಠದಲ್ಲಿ ಜಪಕ್ಕೆ ಕೂರುತ್ತಿದ್ದ. ಮನೆಗೆ ಹೋದ ಮೇಲೂ ಜಪ ಬಿಡುತ್ತಿರಲಿಲ್ಲ. ಪ್ರತಿ ಸಲವೂ ಕೊನೆಗೆ ಮಗಳ ಹೆಸರು ಹಿಡಿದು ಕರೆಯುತ್ತಿದ್ದ.

"ಹೆಂಡತಿ ಏನೆನ್ನುತ್ತಾಳೆ?" ಎಂದರು ಗುರುಗಳು.

"ಅವಳು ಏನೂ ಮಾತಾಡುವುದಿಲ್ಲ."

ಗುರುಗಳು ಕತೆ ಹೇಳಿದರು.

ಬಂದರಿನ ಊರೊಂದರಲ್ಲಿ ಒಬ್ಬ ಹೆಂಚಿನ ವ್ಯಾಪಾರಿ ಇದ್ದ. ಅವನ ಒಬ್ಬನೇ ಮಗ ಯುದ್ಧದ ಹಡಗಿನಲ್ಲಿ ವೈರ್‌ಲೆಸ್ ಕೆಲಸದಲ್ಲಿದ್ದ. ಒಮ್ಮೆ ಬಿರುಗಾಳಿಯಲ್ಲಿ ಆ ಮಗ ಸಮುದ್ರಕ್ಕೆ ಬಿದ್ದ. ಹಡಗು ಮರಳಿತು, ಮಗ ಮರಳಲಿಲ್ಲ. ದೇಹವೂ ಸಿಗಲಿಲ್ಲ.

ಮುಂದೆ ಆ ಹಡಗನ್ನು ಒಡೆದು ಗುಜರಿಗೆ ಹಾಕಿದರು. ವೈರ್‌ಲೆಸ್ ಕೋಣೆಯಲ್ಲಿ ಮಗ ದಿನವೂ ನೋಡುತ್ತಿದ್ದ ಗಡಿಯಾರ ಎಲ್ಲೋ ಉಳಿದಿರಬೇಕು ಎಂದು ವ್ಯಾಪಾರಿಗೆ ಅನ್ನಿಸಿತು. ಅದನ್ನು ಹುಡುಕುತ್ತಾ ಬಂದರಿನಿಂದ ಬಂದರಿಗೆ ಅಲೆದ. ಸಿಕ್ಕಿದ್ದೆಲ್ಲ ಬೇರೆ ಹಡಗುಗಳ ಗಡಿಯಾರ. ಅವನ್ನೂ ಯಾರದೋ ಮಗ ನೋಡಿರುತ್ತಾನಲ್ಲ ಎಂದು ಬಿಟ್ಟುಬರಲಾರದೆ ತಂದ. ಮುಖದ ಮೇಲಿನ ನೌಕಾಪಡೆಯ ಗುರುತು, ಹಿತ್ತಾಳೆಯ ಬೆನ್ನಿಗೆ ಕೊರೆದ ಸಂಖ್ಯೆ ಇವನ್ನೆಲ್ಲ ಓದುವುದನ್ನು ಕಲಿತ. ಮುಂದಿನ ಕೋಣೆ ಗಡಿಯಾರಗಳಿಂದ ತುಂಬಿತು. ಬಂದವರಿಗೆ ಒಂದೊಂದನ್ನೂ ವಿವರಿಸುತ್ತಿದ್ದ. ಒಳಗಿನಿಂದ ಹೆಂಡತಿ ಊಟಕ್ಕೆ ಕರೆದರೆ "ಬಂದೆ" ಎನ್ನುತ್ತಿದ್ದ, ಹೋಗುತ್ತಿರಲಿಲ್ಲ. ಬರಬರುತ್ತಾ ಅವಳು ಕರೆಯುವುದನ್ನು ಬಿಟ್ಟಳು.

ಕೊನೆಗೂ ಆ ಗಡಿಯಾರ ಸಿಕ್ಕಿತು. ಬೆನ್ನಿನ ಸಂಖ್ಯೆ ಹಡಗಿನ ದಾಖಲೆಗೆ ಹೊಂದಿತು. ಬಿಳಿಯ ಮುಖದ ಮೇಲೆ ಎರಡು ಕಡೆ, ಸೀಳಿದ ಕಿತ್ತಳೆ ತೊಳೆಯಷ್ಟು ಅಗಲಕ್ಕೆ, ಕೆಂಪು ಬಣ್ಣವಿತ್ತು. ಅವನು ಅದಕ್ಕೆ ಕೀಲಿ ಕೊಟ್ಟು ಗೋಡೆಗೆ ಹಾಕಿದ. ಮಗನ ಜೊತೆ ಅದೇ ಹಡಗಿನಲ್ಲಿದ್ದ ನಾವಿಕನೊಬ್ಬನನ್ನು ಕರೆಸಿದ.

ನಾವಿಕ ನೋಡಿ, "ಇದೇ" ಎಂದ.

ವ್ಯಾಪಾರಿ ಒಂದರ ಮೇಲೊಂದು ಪ್ರಶ್ನೆ ಹಾಕಿದ. ಎಲ್ಲಿ ತೂಗುಹಾಕಿದ್ದರು, ಕೀಲಿ ಯಾರು ಕೊಡುತ್ತಿದ್ದರು, ಮಗ ಎಲ್ಲಿ ಕೂರುತ್ತಿದ್ದ. ನಾವಿಕ ಸ್ವಲ್ಪ ಹೊತ್ತು ಉತ್ತರಿಸಿದ. ಆಮೇಲೆ ಥಟ್ಟನೆ ಬಾಯಿ ಮುಚ್ಚಿದ. ಕೇಳಿದರೂ ಮಾತಿಲ್ಲ.

"ಸುಮ್ಮನೆ ಕೂರಲಿಕ್ಕೆ ನಿಮ್ಮನ್ನು ಇಷ್ಟು ದೂರ ಕರೆಸಿದೆನೇನ್ರೀ?" ಎಂದ ವ್ಯಾಪಾರಿ.

ನಿಮಿಷದ ಮುಳ್ಳು ಕೆಂಪನ್ನು ದಾಟುವವರೆಗೆ ನಾವಿಕ ಕಾದ. "ಮುಳ್ಳು ಕೆಂಪಿನಲ್ಲಿತ್ತು ರಾಯರೇ. ರೂಢಿ ಹೋಗಿಲ್ಲ."

"ಗೊತ್ತು. ಗಂಟೆಗೆ ಎರಡು ಸಲ, ಮೂರು ಮೂರು ನಿಮಿಷ. ಎಲ್ಲ ಹಡಗುಗಳೂ ವೈರ್‌ಲೆಸ್ಸಿನಲ್ಲಿ ಮಾತು ನಿಲ್ಲಿಸಬೇಕು. ಮುಳುಗುತ್ತಿರುವವರ ಸಣ್ಣ ಕೂಗು ಕೇಳಿಸಲಿ ಅಂತ."

"ಗೊತ್ತಿದ್ದೂ ಮಾತಾಡಿದಿರಲ್ಲ," ಎಂದು ನಾವಿಕ ನಕ್ಕ. "ನಿಮ್ಮ ಹುಡುಗ ಆಗ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಅವನ ಪಕ್ಕದಲ್ಲಿ ಕೆಮ್ಮಲಿಕ್ಕೂ ನಮಗೆ ಭಯ."

ನಾವಿಕ ಹೊರಟುಹೋದ. ಮುಳ್ಳು ಮತ್ತೊಂದು ಕೆಂಪಿಗೆ ಬಂತು. ಮಗ ಕೂತಂತೆ ತಾನೂ ಕೂರೋಣ ಎಂದು ವ್ಯಾಪಾರಿ ಅದರ ಎದುರು ಕುರ್ಚಿ ಎಳೆದುಕೊಂಡ. ಬಾಯಿ ಮುಚ್ಚಿದ. ಮನಸ್ಸಿನಲ್ಲೂ ಮಗನನ್ನು ಕರೆಯಲಿಲ್ಲ.

ಮೊದಲು ಗಡಿಯಾರಗಳ ಸದ್ದು ಕೇಳಿಸಿತು. ಅದರ ಹಿಂದೆ, ಅಡುಗೆಮನೆಯಿಂದ, ತೀರಾ ಸಣ್ಣ ದನಿ. ಹೆಂಡತಿ ಒಬ್ಬಳೇ ಇದ್ದಳು. ತಟ್ಟೆ ಇಡುತ್ತಾ ಹೇಳುತ್ತಿದ್ದಳು: "ಹಸಿವಾಯ್ತೇನೋ? ಸ್ವಲ್ಪ ತಡಿ ಮಗಾ. ಅಪ್ಪ ಗಡಿಯಾರದ ಹತ್ತಿರ ಇದ್ದಾರೆ. ಈಗ ಬರ್ತಾರೆ."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಬಸವಂತ ಕಾದ. ಆಮೇಲೆ, "ಮಗನ ದನಿ ಅವನಿಗೆ ಕೇಳಿಸಲೇ ಇಲ್ಲವೇ?" ಎಂದ.

"ನಿನ್ನ ಹೆಂಡತಿ ಮಾತಾಡುವುದಿಲ್ಲ ಎಂದೆಯಲ್ಲ ಬಸವಂತ, ನೀನು ಸುಮ್ಮನಿದ್ದದ್ದು ಯಾವಾಗ?"

ಬಸವಂತನ ಕೈಯಲ್ಲಿದ್ದ ಜಪಮಣಿ ನಿಂತಿತ್ತು.